ಚುಕ್ಕಿಗಳ ವೇಷಭೂಷಣ

ಬೆಂಗಳೂರಿನ ಮೆಟ್ರೋ ರೈಲಿನ ನಕ್ಷೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅದರಲ್ಲಿ ಊರಿನ ಕೆರೆಗಳಿಲ್ಲ, ಬೀದಿಗಳಿಲ್ಲ, ಏರುತಗ್ಗುಗಳಿಲ್ಲ. ನೇರಳೆ, ಹಸಿರು, ಹಳದಿ ಬಣ್ಣದ ಮೂರು ಪಟ್ಟಿಗಳೂ ಅವುಗಳ ಮೇಲೆ ಸಾಲಾಗಿ ಜೋಡಿಸಿದ ಚುಕ್ಕಿಗಳೂ ಮಾತ್ರ ಇವೆ. ಯಂತ್ರಗಳ ಊರಾದ ಪೀಣ್ಯ ಹಸಿರು ಪಟ್ಟಿಯ ಮೇಲಿದೆ. ಗಣಕಯಂತ್ರದ ಊರಾದ ವೈಟ್‌ಫೀಲ್ಡ್ ನೇರಳೆ ಪಟ್ಟಿಯ ಪೂರ್ವದ ತುದಿಯಲ್ಲಿದೆ. ಎಲೆಕ್ಟ್ರಾನಿಕ್ ಸಿಟಿ ೨೦೨೫ರ ಆಗಸ್ಟ್ ತಿಂಗಳಲ್ಲಿ ತೆರೆದ ಹಳದಿ ಪಟ್ಟಿಯ ಮೇಲಿದೆ. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ರೈಲಿನಲ್ಲೇ ಹೋಗಬೇಕಾದವನು ಮೆಜೆಸ್ಟಿಕ್ ಬಳಿಯ ಕೆಂಪೇಗೌಡ ನಿಲ್ದಾಣದಲ್ಲಿ ಒಮ್ಮೆ, ಆರ್.ವಿ. ರಸ್ತೆಯ ನಿಲ್ದಾಣದಲ್ಲಿ ಇನ್ನೊಮ್ಮೆ ಗಾಡಿ ಬದಲಾಯಿಸಬೇಕು. ಇಂಥ ನಕ್ಷೆಗಳಲ್ಲಿ ಗಾಡಿ ಬದಲಾಯಿಸುವ ನಿಲ್ದಾಣದ ಚುಕ್ಕಿಗೆ ಮಿಕ್ಕವುಗಳಿಗಿಲ್ಲದ ಒಂದು ಗುರುತನ್ನು ಹಾಕುವುದು ವಾಡಿಕೆ. ಅದೇಕೆಂದು ಯಾರೂ ನಮಗೆ ಪಾಠ ಹೇಳಿಲ್ಲ. ಆದರೂ ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ.

ಒಂದು ಚುಕ್ಕಿಯ ಬಣ್ಣ, ಗಾತ್ರ, ಆಕಾರಗಳು ಕೇವಲ ಅಲಂಕಾರವಲ್ಲ, ಅವು ಮಾತನಾಡುತ್ತವೆ ಎಂಬುದು ಇದರಿಂದ ತಿಳಿಯುತ್ತದೆ. ಆ ಮಾತು ನಿಜವಾಗಿರಬೇಕಾದರೆ ಏನು ಮಾಡಬೇಕು? ಸಾವಿರಾರು ಚುಕ್ಕಿಗಳ ನಡುವೆ ಒಂದೇ ಒಂದು ಚುಕ್ಕಿಗೆ ಬೇರೆ ವೇಷ ತೊಡಿಸುವುದು ಹೇಗೆ? ಈ ಕೆಲಸವನ್ನು ಗಣಕಯಂತ್ರದಿಂದ ಮಾಡಿಸುವ ಬಗೆಯನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಜಾಲ ಎಂದರೇನು?

ನಮ್ಮ ಮನೆಗಳ ಅಂಗಳದಲ್ಲಿ ಬೆಳಗಾಗುತ್ತಲೇ ಚುಕ್ಕಿಗಳನ್ನಿಟ್ಟು ಎಳೆಗಳಿಂದ ಅವನ್ನು ಕೂಡಿಸಿ ರಂಗೋಲಿ ಬರೆಯುವುದುಂಟಷ್ಟೆ. ಗಣಿತಜ್ಞರು ಜಾಲ ಎಂದು ಕರೆಯುವ ವಸ್ತುವಿನ ಸ್ವರೂಪವೂ ಇದೇ: ಕೆಲವು ಚುಕ್ಕಿಗಳು, ಅವುಗಳಲ್ಲಿ ಕೆಲವನ್ನು ಕೂಡಿಸುವ ಎಳೆಗಳು. ಗಣಕಶಾಸ್ತ್ರದವರು ಚುಕ್ಕಿಯನ್ನು ನೋಡ್ ಎಂದೂ ಎಳೆಯನ್ನು ಎಡ್ಜ್ ಎಂದೂ ಕರೆಯುತ್ತಾರೆ. ನಾವು ಈ ಲೇಖನದಲ್ಲಿ ಚುಕ್ಕಿ, ಎಳೆ ಎಂಬ ಮನೆಮಾತುಗಳನ್ನೇ ಬಳಸೋಣ.

ಈ ಶಾಸ್ತ್ರಕ್ಕೆ ತಳಹದಿ ಹಾಕಿದವನು ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನೂ ಒಂದೊಂದು ಸಲ ಮಾತ್ರ ದಾಟಿ ಊರು ಸುತ್ತಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಆತನು ೧೭೩೬ರಲ್ಲಿ ಕೈಗೆತ್ತಿಕೊಂಡು, ಅದು ಅಸಾಧ್ಯವೆಂದು ಸಿದ್ಧಪಡಿಸಿದನು. ಸೇತುವೆಯ ಉದ್ದ, ಹೊಳೆಯ ಅಗಲ ಇವಾವುವೂ ಆ ಪ್ರಶ್ನೆಗೆ ಬೇಕಿರಲಿಲ್ಲ. ಯಾವ ದಡ ಯಾವ ದಡಕ್ಕೆ ಕೂಡಿದೆ ಎಂಬುದಷ್ಟೇ ಸಾಕಾಗಿತ್ತು. ಜಾಲದ ಬಲವೆಲ್ಲ ಈ ತ್ಯಾಗದಲ್ಲಿದೆ. ಬೇಡವಾದುದನ್ನೆಲ್ಲ ಬಿಟ್ಟು, ಸಂಬಂಧವನ್ನು ಮಾತ್ರ ಉಳಿಸಿಕೊಳ್ಳುತ್ತದೆ.

ವೈಟ್‌ಫೀಲ್ಡಿನ ಒಂದು ದೊಡ್ಡ ಜಾಲ

ಚುಕ್ಕಿಗಳು ಹತ್ತೋ ಇಪ್ಪತ್ತೋ ಆದರೆ ಕಾಗದ, ಬಣ್ಣದ ಕಡ್ಡಿಗಳೇ ಸಾಕು. ಆದರೆ ನಮ್ಮ ಮೈಯೊಳಗಿನ ಜಾಲವನ್ನು ನೋಡಿ. ಜೀವಕೋಶದಲ್ಲಿ ಕೆಲಸ ಮಾಡುವ ಪ್ರೋಟೀನುಗಳು ಒಂಟಿಯಾಗಿ ದುಡಿಯುವುದಿಲ್ಲ. ಒಂದು ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ, ಒಂದು ಇನ್ನೊಂದನ್ನು ಎಬ್ಬಿಸುತ್ತದೆ, ಮತ್ತೊಂದು ಮಗದೊಂದನ್ನು ನಾಶಕ್ಕೆ ಕಳುಹಿಸುತ್ತದೆ. ಒಂದೊಂದು ಪ್ರೋಟೀನನ್ನೂ ಒಂದು ಚುಕ್ಕಿಯೆಂದು, ಒಂದೊಂದು ನಂಟನ್ನೂ ಒಂದು ಎಳೆಯೆಂದು ಬರೆದರೆ ಅದೇ ಒಂದು ಮಹಾಜಾಲವಾಗುತ್ತದೆ.

ಇಂಥ ನಂಟುಗಳನ್ನು ಕಲೆಹಾಕುವ ಕೆಲಸದಲ್ಲಿ ವೈಟ್‌ಫೀಲ್ಡಿನ ಟೆಕ್ ಪಾರ್ಕಿನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಎಂಬ ಸಂಸ್ಥೆಯ ಹೆಸರು ಗಣ್ಯವಾದುದು. ವಿಜ್ಞಾನಿ ಅಖಿಲೇಶ್ ಪಾಂಡೆ ಅವರು ೨೦೦೨ರಲ್ಲಿ ಇದನ್ನು ಸ್ಥಾಪಿಸಿದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರೊಡನೆ ಕೂಡಿ ಈ ಸಂಸ್ಥೆಯವರು ಮಾನವ ಪ್ರೋಟೀನುಗಳ ಒಂದು ಆಕರಕೋಶವನ್ನು ಕಟ್ಟಿ, ೨೦೦೩ರ ಅಕ್ಟೋಬರಿನಲ್ಲಿ ಜೀನೋಮ್ ರಿಸರ್ಚ್ ಪತ್ರಿಕೆಯಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದರು. ಅದರ ವಿಶೇಷವೆಂದರೆ, ಯಂತ್ರವು ತಾನೇ ಹೆಕ್ಕಿ ತಂದ ಮಾಹಿತಿ ಅದಾಗಿರಲಿಲ್ಲ. ಜೀವವಿಜ್ಞಾನ ಕಲಿತವರು ಸಂಶೋಧನಾ ಲೇಖನಗಳನ್ನು ಕುಳಿತು ಓದಿ, ಇಂಥ ಪ್ರೋಟೀನು ಇಂಥದಕ್ಕೆ ಅಂಟುತ್ತದೆ ಎಂಬುದಕ್ಕೆ ಪ್ರಯೋಗದ ಆಧಾರ ಉಂಟೇ ಎಂದು ನೋಡಿ, ಒಂದೊಂದಾಗಿ ದಾಖಲಿಸಿದ್ದು. ೨೦೧೦ರ ವೇಳೆಗೆ ಅದರಲ್ಲಿ ಮೂವತ್ತು ಸಾವಿರದಷ್ಟು ಪ್ರೋಟೀನು ನಮೂದುಗಳೂ ನಲವತ್ತು ಸಾವಿರ ಮೀರಿದ ನಂಟುಗಳೂ ಸೇರಿದ್ದವು. ಅದೇ ವರ್ಷ ಈ ಸಂಸ್ಥೆಯವರು ನೆಟ್‌ಪಾಥ್ ಎಂಬ ಇನ್ನೊಂದು ಕೋಶವನ್ನು ಪ್ರಕಟಿಸಿದರು. ಕ್ಯಾನ್ಸರಿಗೂ ರೋಗನಿರೋಧ ಶಕ್ತಿಗೂ ಸಂಬಂಧಿಸಿದ ಸಂಕೇತಮಾರ್ಗಗಳ ಸಂಗ್ರಹ ಅದು. ೨೦೧೪ರಲ್ಲಿ ಇವರೂ ಜಾನ್ಸ್ ಹಾಪ್ಕಿನ್ಸ್‌ನವರೂ ಇತರರೂ ಸೇರಿ ನೇಚರ್ ಪತ್ರಿಕೆಯಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು ಹೊರತಂದರು. ಮೂವತ್ತು ಬಗೆಯ ಆರೋಗ್ಯವಂತ ಅಂಗಾಂಶ ಮತ್ತು ಕೋಶಗಳನ್ನು ಪರೀಕ್ಷಿಸಿ, ೧೭,೨೯೪ ಜೀನುಗಳ ಪ್ರೋಟೀನುಗಳನ್ನು ಅದರಲ್ಲಿ ಗುರುತಿಸಲಾಗಿತ್ತು.

ನಲವತ್ತು ಸಾವಿರ ಎಳೆಗಳನ್ನು ಒಂದೇ ಹಾಳೆಯ ಮೇಲೆ ಎಳೆದರೆ ಏನಾಗುತ್ತದೆ? ಬೆಕ್ಕಿನ ಕೈಗೆ ಸಿಕ್ಕ ನೂಲಿನ ಉಂಡೆಯಾಗುತ್ತದೆ! ಎಲ್ಲವೂ ಅಲ್ಲಿದೆ, ಏನೂ ಕಾಣುವುದಿಲ್ಲ. ಆಗಲೇ ಚುಕ್ಕಿಗಳ ವೇಷಕ್ಕೆ ಬೆಲೆ ಬರುವುದು.

ಪಾತ್ರ ಬೇರೆ, ವೇಷ ಬೇರೆ

ಅದೇ ಜೀನೋಮ್ ರಿಸರ್ಚ್ ಪತ್ರಿಕೆಯ ಮರುತಿಂಗಳ ಸಂಚಿಕೆಯಲ್ಲಿ, ಎಂದರೆ ೨೦೦೩ರ ನವೆಂಬರಿನಲ್ಲಿ, ಪಾಲ್ ಷಾನನ್ ಮತ್ತು ಸಂಗಡಿಗರು ಸೈಟೋಸ್ಕೇಪ್ ಎಂಬ ತಂತ್ರಾಂಶವನ್ನು ವಿವರಿಸಿದರು. ಅಮೆರಿಕದ ಸಿಯಾಟಲ್ ನಗರದಲ್ಲಿ ಹುಟ್ಟಿದ ಈ ತಂತ್ರಾಂಶ ಜಾಲಗಳನ್ನು ಚಿತ್ರವಾಗಿ ತೋರಿಸುತ್ತದೆ. ಯಾರು ಬೇಕಾದರೂ ಇದನ್ನು ಹಣ ಕೊಡದೆ ಪಡೆಯಬಹುದು. ಮೂಲ ತಂತ್ರಾಂಶದಲ್ಲಿ ಇಲ್ಲದ ಸೌಲಭ್ಯವನ್ನು ಹೊರಗಿನವರು ಬರೆದು ಅದಕ್ಕೆ ಸಿಕ್ಕಿಸಲು ಅವಕಾಶವುಂಟು. ಹೀಗೆ ಸಿಕ್ಕಿಸುವ ತುಣುಕಿಗೆ ಪ್ಲಗಿನ್ ಎಂದು ಹೆಸರು. ೨೦೧೩ರಲ್ಲಿ ಬಂದ ಮೂರನೆಯ ಆವೃತ್ತಿಯಿಂದೀಚೆಗೆ ಅದನ್ನು ಆಪ್ ಎನ್ನುತ್ತಾರೆ.

ಇದರ ರಚನೆಯಲ್ಲಿ ಒಂದು ಮುಖ್ಯ ತತ್ತ್ವ ಅಡಗಿದೆ. ಯಕ್ಷಗಾನದ ಕಲಾವಿದನು ಚೌಕಿಯಲ್ಲಿ ಕುಳಿತು ಮುಖಕ್ಕೆ ಬಣ್ಣ ಹಚ್ಚಿ ಕಿರೀಟ ಕಟ್ಟಿಕೊಳ್ಳುತ್ತಾನೆ. ಇಂದು ರಾಜ, ನಾಳೆ ರಾಕ್ಷಸ. ವೇಷ ಬದಲಾದರೂ ಒಳಗಿನ ಮನುಷ್ಯ ಅವನೇ. ಹಾಗೆಯೇ ಸೈಟೋಸ್ಕೇಪಿನಲ್ಲಿ ಒಂದು ಚುಕ್ಕಿಗೆ ಎರಡು ಅಸ್ತಿತ್ವಗಳಿವೆ. ಒಂದು, ಅದರ ಮಾಹಿತಿ: ಹೆಸರೇನು, ಜೀವಕೋಶದ ಯಾವ ಭಾಗದಲ್ಲಿದೆ, ಯಾರೊಡನೆ ನಂಟು, ರೋಗದಲ್ಲಿ ಎಷ್ಟು ಹೆಚ್ಚಿದೆ. ಇದು ಕೋಷ್ಟಕದಲ್ಲಿರುತ್ತದೆ. ಇನ್ನೊಂದು, ಅದರ ನೋಟ: ಬಣ್ಣ, ಆಕಾರ, ಗಾತ್ರ, ಅಂಚಿನ ದಪ್ಪ, ಹೆಸರಿನ ಅಕ್ಷರ. ಒಂದನ್ನು ಮುಟ್ಟಿದರೆ ಇನ್ನೊಂದು ಕೆಡುವುದಿಲ್ಲ. ಒಂದೇ ಜಾಲವನ್ನು ಬೇರೆ ಬೇರೆ ವೇಷಗಳಲ್ಲಿ ತೋರಿಸಲು ಇದರಿಂದಲೇ ಸಾಧ್ಯವಾಗಿದೆ.

ವೇಷದ ಮೂರು ಪದರಗಳು

ಶಾಲೆಯೊಂದನ್ನು ಊಹಿಸಿಕೊಳ್ಳಿ. ಎಲ್ಲ ಮಕ್ಕಳಿಗೂ ಒಂದೇ ಸಮವಸ್ತ್ರ. ಆಟದ ದಿನ ಒಂದೊಂದು ತಂಡಕ್ಕೆ ಒಂದೊಂದು ಬಣ್ಣದ ಪಟ್ಟಿ. ತಂಡದ ನಾಯಕನಿಗೆ ಮಾತ್ರ ತಲೆಗೊಂದು ಟೋಪಿ. ಸೈಟೋಸ್ಕೇಪಿನಲ್ಲಿ ಚುಕ್ಕಿಗೆ ವೇಷ ಬರುವುದೂ ಹೀಗೆಯೇ, ಮೂರು ಪದರಗಳಲ್ಲಿ. ಅದರ ಸ್ಟೈಲ್ ಎಂಬ ಫಲಕದಲ್ಲಿ ಪ್ರತಿಯೊಂದು ಗುಣದ ಎದುರಿಗೂ ಈ ಮೂರಕ್ಕೆ ಪ್ರತ್ಯೇಕವಾದ ಮನೆಗಳಿವೆ.

ಮೊದಲನೆಯದು ಡಿಫಾಲ್ಟ್, ಎಂದರೆ ಸಮವಸ್ತ್ರ. ಬೇರೇನೂ ಹೇಳದಿದ್ದರೆ ಎಲ್ಲ ಚುಕ್ಕಿಗಳೂ ಇದನ್ನೇ ತೊಡುತ್ತವೆ. ಎರಡನೆಯದು ಮ್ಯಾಪಿಂಗ್, ಎಂದರೆ ಕೋಷ್ಟಕದ ಮಾಹಿತಿಗೆ ಹೊಂದಿಕೊಂಡ ವೇಷ. ಇದರಲ್ಲಿ ಮೂರು ವಿಧಗಳುಂಟು. ಕೋಷ್ಟಕದಲ್ಲಿರುವ ಹೆಸರನ್ನು ಹಾಗೆಯೇ ಚುಕ್ಕಿಯ ಮೇಲೆ ಬರೆಯುವುದು ಒಂದು. ವರ್ಗಕ್ಕೊಂದು ಬಣ್ಣವನ್ನೋ ಆಕಾರವನ್ನೋ ಗೊತ್ತುಪಡಿಸುವುದು ಇನ್ನೊಂದು. ಕೋಶಕೇಂದ್ರದಲ್ಲಿರುವ ಪ್ರೋಟೀನಿಗೆ ದುಂಡಗಿನ ಆಕಾರ, ಕೋಶಪೊರೆಯದಕ್ಕೆ ಚೌಕ ಎಂಬಂತೆ. ಅಂಕಿ ಏರಿದಂತೆಲ್ಲ ಬಣ್ಣವನ್ನು ತಿಳಿಯಿಂದ ಗಾಢಕ್ಕೆ ಏರಿಸುತ್ತ ಹೋಗುವುದು ಮೂರನೆಯದು. ಕಡೆಯ ಪದರ ಬೈಪಾಸ್. ನಿಯಮವನ್ನೆಲ್ಲ ಬದಿಗೊತ್ತಿ, ಈ ಒಂದು ಚುಕ್ಕಿಗೆ ಈ ಬಣ್ಣ ಎಂದು ಕೈಯಾರೆ ವಿಧಿಸುವುದು. ಮೂರೂ ಒಟ್ಟಿಗೆ ಬಂದಾಗ ಬೈಪಾಸಿನ ಮಾತೇ ನಡೆಯುತ್ತದೆ, ಅದಿಲ್ಲದಿದ್ದರೆ ಮ್ಯಾಪಿಂಗ್, ಅದೂ ಇಲ್ಲದಿದ್ದರೆ ಡಿಫಾಲ್ಟ್.

ಒಂದು ಚಿಕ್ಕ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಪಿ-೫೩ ಎಂಬುದು ಜೀವಕೋಶದ ಕಾವಲುಗಾರ ಪ್ರೋಟೀನು. ಮನುಷ್ಯನಿಗೆ ಬರುವ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದರ ಜೀನು ಕೆಟ್ಟಿರುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಎಂಡಿಎಂ-೨ ಎಂಬ ಇನ್ನೊಂದು ಪ್ರೋಟೀನು ಪಿ-೫೩ಕ್ಕೆ ಅಂಟಿಕೊಂಡು ಅದನ್ನು ನಾಶಕ್ಕೆ ಕಳುಹಿಸುತ್ತಿರುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಎಟಿಎಂ ಎಂಬ ಪ್ರೋಟೀನು (ಇದು ನಾವು ಹಣ ತೆಗೆಯುವ ಯಂತ್ರವಲ್ಲ!) ಪಿ-೫೩ಕ್ಕೆ ಫಾಸ್ಫೇಟನ್ನು ಅಂಟಿಸಿ ಅದನ್ನು ಎಚ್ಚರಿಸುತ್ತದೆ. ಎಚ್ಚೆತ್ತ ಪಿ-೫೩ ತನ್ನ ಅಂಕೆಯಲ್ಲಿರುವ ಪಿ-೨೧ ಎಂಬುದನ್ನು ತಯಾರು ಮಾಡಿಸಿ, ರಿಪೇರಿಯಾಗುವವರೆಗೆ ಕೋಶವು ಇಬ್ಭಾಗವಾಗದಂತೆ ತಡೆಹಿಡಿಯುತ್ತದೆ. ನಾಲ್ಕು ಚುಕ್ಕಿಗಳು, ಮೂರು ಎಳೆಗಳು. ನಾಲ್ಕಕ್ಕೂ ತಿಳಿಬೂದು ಬಣ್ಣ ಸಮವಸ್ತ್ರವಾಗಲಿ. ರೋಗಿಯ ಅಂಗಾಂಶದಲ್ಲಿ ಅಳೆದ ಪ್ರಮಾಣಕ್ಕೆ ತಕ್ಕಂತೆ ಬಣ್ಣ ಗಾಢವಾಗಲಿ. ನಾವು ಅಧ್ಯಯನಕ್ಕೆ ಆರಿಸಿಕೊಂಡ ಪಿ-೫೩ಕ್ಕೆ ಮಾತ್ರ ದಪ್ಪನೆಯ ಕಪ್ಪು ಅಂಚನ್ನು ಬೈಪಾಸಿನಿಂದ ಕೊಡೋಣ. ಬಣ್ಣ ಪ್ರಮಾಣವನ್ನು ಹೇಳಿತು, ಅಂಚು ನಮ್ಮ ಗಮನವನ್ನು ಹೇಳಿತು. ಎರಡು ಮಾತುಗಳು ಕಲಸಿಹೋಗಲಿಲ್ಲ.

ಪ್ಲಗಿನ್ ಬರೆಯುವವರ ಪಾಡು

ಕೈಯಿಂದ ಒತ್ತಿ ಮಾಡುವ ಇದೇ ಕೆಲಸವನ್ನು ಪ್ಲಗಿನ್ನಿನ ಮೂಲಕ ಯಂತ್ರವೇ ಮಾಡುವಂತೆ ಜಾವಾ ಭಾಷೆಯಲ್ಲಿ ಬರೆಯಬಹುದು. ಹೊಸದಾಗಿ ಬರೆಯುವವರು ಎಡವುವ ಕೆಲವು ಸ್ಥಳಗಳು ಇಲ್ಲಿ ಗೊತ್ತಾಗಿವೆ. ಅವುಗಳ ಹಿಂದಿನ ಕಾರಣಗಳು ಸ್ವಾರಸ್ಯವಾದುವು.

ಪ್ಲಗಿನ್ ಒಂದು ಚುಕ್ಕಿಯನ್ನು ಸೃಷ್ಟಿಸಿದ ಮರುಗಳಿಗೆಯೇ ಅದಕ್ಕೆ ಬಣ್ಣ ಹಚ್ಚಲು ಹೊರಟರೆ, ಬಣ್ಣ ಹಚ್ಚಬೇಕಾದ ನೋಟವೇ ಇನ್ನೂ ಹುಟ್ಟಿರದೆ ಹೋಗಬಹುದು. ಮಾಹಿತಿಯ ಚುಕ್ಕಿ ಮೊದಲು ಬರುತ್ತದೆ. ಅದರ ಸುದ್ದಿ ಚಿತ್ರ ಬರೆಯುವ ವಿಭಾಗಕ್ಕೆ ತಲುಪಿದ ಮೇಲೆ ನೋಟ ಬರುತ್ತದೆ. ಸಾವಿರ ಸುದ್ದಿಗಳನ್ನು ಒಂದೊಂದಾಗಿ ಒಯ್ಯುವ ಬದಲು ಯಂತ್ರ ಅವನ್ನು ಕಟ್ಟು ಮಾಡಿ ಒಯ್ಯುತ್ತದೆ. ಆದ್ದರಿಂದ ಬಾಕಿಯಿರುವ ಸುದ್ದಿಗಳನ್ನೆಲ್ಲ ಈಗಲೇ ತಲುಪಿಸು ಎಂದು ಪ್ಲಗಿನ್ ಮೊದಲು ಆಜ್ಞಾಪಿಸಿ, ಆಮೇಲೆ ಬಣ್ಣಕ್ಕೆ ಕೈಹಾಕಬೇಕು. ಎಲ್ಲ ಮುಗಿದ ಮೇಲೆ ಚಿತ್ರವನ್ನು ಮತ್ತೆ ಬರೆ ಎಂದು ಹೇಳುವುದನ್ನೂ ಮರೆಯತಕ್ಕದ್ದಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಒಂದು ಚುಕ್ಕಿಗೆ ಬಣ್ಣ ಕೊಡಲು ಎರಡು ಆಜ್ಞೆಗಳಿವೆ. ಒಂದು, ಬಣ್ಣವನ್ನು ಸುಮ್ಮನೆ ಹಚ್ಚುವುದು. ಇನ್ನೊಂದು, ಬಣ್ಣವನ್ನು ಹಚ್ಚಿ ಬೀಗ ಹಾಕುವುದು. ಮೊದಲನೆಯ ರೀತಿಯಲ್ಲಿ ಹಚ್ಚಿದ್ದು ಕಣ್ಣಿಗೇನೋ ಸರಿಯಾಗಿಯೇ ಕಾಣುತ್ತದೆ. ಆದರೆ ಜಾಲಕ್ಕೆ ಸ್ಟೈಲನ್ನು ಮತ್ತೊಮ್ಮೆ ಅನ್ವಯಿಸಿದೊಡನೆ ನಿಯಮದ ಬಣ್ಣ ಅದರ ಮೇಲೆ ಬಂದು ಕುಳಿತುಬಿಡುತ್ತದೆ. ಬೀಗ ಹಾಕಿದ ಬಣ್ಣವೇ ಬೈಪಾಸ್. ಅದು ಮಾತ್ರ ಉಳಿಯುತ್ತದೆ. ಗಾತ್ರದ ವಿಷಯದಲ್ಲೂ ಇಂಥದೇ ಒಂದು ಕಟ್ಟುಪಾಡುಂಟು. ಚುಕ್ಕಿಯ ಅಗಲವೂ ಎತ್ತರವೂ ಒಂದಕ್ಕೊಂದು ಬಿಗಿದಿರಲಿ ಎಂಬ ಗುರುತು ಹಾಕಿದ್ದಾಗ ಯಂತ್ರವು ಗಾತ್ರ ಎಂಬ ಒಂದೇ ಅಂಕಿಯನ್ನು ನೋಡುತ್ತದೆ. ಆಗ ಪ್ಲಗಿನ್ ಅಗಲವನ್ನು ಎಷ್ಟು ಹಿಗ್ಗಿಸಿದರೂ ಚುಕ್ಕಿ ಜಪ್ಪಯ್ಯ ಎನ್ನುವುದಿಲ್ಲ.

ಹೀಗಿರುವಲ್ಲಿ ಒಳ್ಳೆಯ ಪ್ಲಗಿನ್ ಬರೆಯುವವರು ಅನುಸರಿಸುವ ಕ್ರಮವೇನು? ಹೇಳಬೇಕಾದ ವಿಷಯವನ್ನು ಮೊದಲು ಕೋಷ್ಟಕದಲ್ಲಿ ಒಂದು ಹೊಸ ಕಂಬಸಾಲಾಗಿ ಬರೆಯುತ್ತಾರೆ; ಆ ಸಾಲಿಗೆ ಮ್ಯಾಪಿಂಗ್ ಕೊಟ್ಟು ಬಣ್ಣ ಬರುವಂತೆ ಮಾಡುತ್ತಾರೆ; ಒಂದೆರಡು ಚುಕ್ಕಿಗಳಿಗೆ ಮಾತ್ರ, ಅನಿವಾರ್ಯವಾದಾಗ, ಬೀಗ ಹಾಕುತ್ತಾರೆ. ಏಕೆಂದರೆ ಬೀಗದ ಬಣ್ಣಕ್ಕೆ ಮಾಹಿತಿಯೊಡನೆ ನಂಟು ಕಡಿದುಹೋಗಿರುತ್ತದೆ. ನಾಳೆ ಅಳತೆ ಬದಲಾಗಬಹುದು, ಕೋಷ್ಟಕ ತಿದ್ದಲ್ಪಡಬಹುದು; ನಿಯಮದಿಂದ ಬಂದ ಬಣ್ಣಗಳೆಲ್ಲ ಒಡನೆಯೇ ಬದಲಾಗುತ್ತವೆ, ಬೀಗದ ಬಣ್ಣ ಮಾತ್ರ ಹಳೆಯ ಕಥೆಯನ್ನೇ ಹೇಳುತ್ತ ನಿಂತಿರುತ್ತದೆ. ನೋಡುವವನಿಗೆ ಅದು ಗೊತ್ತಾಗುವ ಬಗೆಯಿಲ್ಲ.

ಕಣ್ಣು ಮೋಸಹೋಗುವ ಬಗೆ

ಔಷಧವನ್ನು ಹುಡುಕುವವರು ಇಂಥ ಚಿತ್ರಗಳನ್ನು ನೋಡಿ ಮುಂದಿನ ಪ್ರಯೋಗಕ್ಕೆ ಯಾವ ಪ್ರೋಟೀನನ್ನು ಆರಿಸಬೇಕೆಂದು ಆಲೋಚಿಸುತ್ತಾರೆ. ವರ್ಷಗಟ್ಟಲೆ ದುಡಿಮೆಯೂ ಹಣವೂ ಆ ಆಯ್ಕೆಯ ಬೆನ್ನು ಹತ್ತಿ ಹೋಗುತ್ತವೆ. ಆದ್ದರಿಂದ ಚುಕ್ಕಿಯ ವೇಷ ತಪ್ಪಿದರೆ ಆಗುವ ನಷ್ಟ ಚಿಕ್ಕದಲ್ಲ.

ಗಾತ್ರವನ್ನೇ ತೆಗೆದುಕೊಳ್ಳಿ. ಹತ್ತು ಎಳೆಗಳಿರುವ ಚುಕ್ಕಿಗಿಂತ ಇಪ್ಪತ್ತು ಎಳೆಗಳಿರುವ ಚುಕ್ಕಿಯ ವ್ಯಾಸವನ್ನು ಎರಡರಷ್ಟು ಮಾಡಿದೆವೆನ್ನಿ. ವೃತ್ತದ ವಿಸ್ತೀರ್ಣ ವ್ಯಾಸದ ವರ್ಗದಂತೆ ಬೆಳೆಯುವುದರಿಂದ ಅದು ನಾಲ್ಕರಷ್ಟು ದೊಡ್ಡದಾಗಿ ಕಾಣುತ್ತದೆ. ವಿಸ್ತೀರ್ಣವೇ ಎರಡರಷ್ಟಾಗಬೇಕಾದರೆ ವ್ಯಾಸವನ್ನು ಸುಮಾರು ೧.೪ರಷ್ಟು ಮಾತ್ರ ಹೆಚ್ಚಿಸಬೇಕು. ಪ್ರೌಢಶಾಲೆಯ ಈ ಲೆಕ್ಕವನ್ನು ಮರೆತ ಚಿತ್ರಗಳು ಎಷ್ಟೋ ಇವೆ.

ಬಣ್ಣದ ವಿಷಯವೂ ಅಷ್ಟೆ. ಹೆಚ್ಚಿದ್ದಕ್ಕೆ ಕೆಂಪು, ಕಡಿಮೆಯಾದುದಕ್ಕೆ ಹಸಿರು ಕೊಡುವುದು ಬಹುಕಾಲದಿಂದ ಬಂದ ರೂಢಿ. ಆದರೆ ಕೆಂಪು–ಹಸಿರುಗಳ ಭೇದ ಕಾಣದ ಜನರು, ಅದರಲ್ಲೂ ಗಂಡಸರು, ನಮ್ಮ ನಡುವೆ ಇದ್ದೇ ಇದ್ದಾರೆ. ಅಂಥವರಿಗೆ ಆ ಚಿತ್ರದಲ್ಲಿ ಹೆಚ್ಚಿದ್ದೂ ಕಡಿಮೆಯಾದದ್ದೂ ಒಂದೇ. ನೀಲಿ ಮತ್ತು ಕಿತ್ತಳೆಯನ್ನು ಬಳಸಿದರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಇದಕ್ಕಿಂತ ಅಪಾಯಕರವಾದುದು ಅಳತೆಯೇ ಆಗದ ಚುಕ್ಕಿಯ ಬಣ್ಣ. ನೀಲಿಯಿಂದ ಕಿತ್ತಳೆಗೆ ಹೋಗುವ ಅಳತೆಪಟ್ಟಿಯ ನಡುವೆ ಬಿಳಿಯಿದ್ದು, ಸಮವಸ್ತ್ರದ ಬಣ್ಣವೂ ಬಿಳಿಯೇ ಆದರೆ, ಬದಲಾವಣೆ ಇಲ್ಲದ ಪ್ರೋಟೀನೂ ಪರೀಕ್ಷೆಯನ್ನೇ ಕಾಣದ ಪ್ರೋಟೀನೂ ಒಂದೇ ವೇಷದಲ್ಲಿ ನಿಲ್ಲುತ್ತವೆ. ತಿಳಿದಿದೆ ಎಂಬುದಕ್ಕೂ ತಿಳಿದಿಲ್ಲ ಎಂಬುದಕ್ಕೂ ವ್ಯತ್ಯಾಸ ಅಳಿಸಿಹೋಯಿತು! ಅಳೆಯದವುಗಳಿಗೆ ಪಟ್ಟಿಯಲ್ಲಿಲ್ಲದ ಬೂದುಬಣ್ಣವನ್ನು ಮೀಸಲಿಟ್ಟರೆ ಈ ಗೊಂದಲವಿರುವುದಿಲ್ಲ.

ಇನ್ನು ದೊಡ್ಡ ಚುಕ್ಕಿಯೇ ಮುಖ್ಯವೆಂಬ ಭಾವನೆ. ಇದಕ್ಕೆ ಆಧಾರ ಇಲ್ಲವೆಂದಲ್ಲ. ೨೦೦೧ರಲ್ಲಿ ಜಿಯೋಂಗ್, ಬರಬಾಸಿ ಮತ್ತು ಸಂಗಡಿಗರು ಯೀಸ್ಟಿನ ಪ್ರೋಟೀನು ಜಾಲವನ್ನು ಪರೀಕ್ಷಿಸಿ, ಹೆಚ್ಚು ಎಳೆಗಳಿರುವ ಪ್ರೋಟೀನನ್ನು ತೆಗೆದರೆ ಜೀವಿ ಸಾಯುವ ಸಂಭವ ಹೆಚ್ಚೆಂದು ತೋರಿಸಿದರು. ಆದರೆ ಪಿ-೫೩ರಂಥ ಹೆಸರಾಂತ ಪ್ರೋಟೀನಿನ ಮೇಲೆ ಸಾವಿರಾರು ಲೇಖನಗಳು ಬಂದಿವೆ. ಹುಡುಕಿದವರು ಹೆಚ್ಚಾದಷ್ಟೂ ಸಿಕ್ಕ ಎಳೆಗಳೂ ಹೆಚ್ಚು. ಯಾರೂ ಹುಡುಕದ ಪ್ರೋಟೀನಿನ ಚುಕ್ಕಿ ಸಣ್ಣದಾಗಿಯೇ ಉಳಿದಿರುತ್ತದೆ. ಅದು ನಿಸರ್ಗದ ತೀರ್ಪೋ ನಮ್ಮ ಅಲಕ್ಷ್ಯವೋ ಎಂಬುದನ್ನು ಗಾತ್ರವೊಂದೇ ಹೇಳಲಾರದು.

ಎಳೆಗಳ ಎಣಿಕೆಗೆ ಸಿಕ್ಕದ ಮಹತ್ವ ಬೇರೆಯೂ ಉಂಟು. ಆರ್.ವಿ. ರಸ್ತೆಯ ನಿಲ್ದಾಣಕ್ಕೆ ಇರುವುದು ಮೂರೇ ಎಳೆಗಳು: ಹಸಿರು ಪಟ್ಟಿಯಲ್ಲಿ ಆಚೆಗೊಂದು, ಈಚೆಗೊಂದು, ಹಳದಿಯ ಕಡೆಗೊಂದು. ಆದರೂ ಆ ಒಂದು ಚುಕ್ಕಿಯನ್ನು ಅಳಿಸಿದರೆ ಹಳದಿ ಪಟ್ಟಿ ಇಡೀ ಜಾಲದಿಂದ ಕಳಚಿಕೊಳ್ಳುತ್ತದೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಎರಕ ಹೊಯ್ಯುವವರು, ಲೇತ್ ಕೆಲಸದವರು, ಲೋಹಕ್ಕೆ ಲೇಪನ ಕೊಡುವವರು ಒಬ್ಬರಿಂದೊಬ್ಬರಿಗೆ ಕೆಲಸ ಸಾಗಿಸುವುದನ್ನೂ ಹೀಗೆಯೇ ಜಾಲವಾಗಿ ಬರೆಯಬಹುದು. ಲೇಪನ ಕೊಡುವವನು ಒಬ್ಬನೇ ಇದ್ದು ಅವನ ಬಾಗಿಲು ಮುಚ್ಚಿದರೆ, ಹಿಂದಿನವರ ಕೆಲಸವೆಲ್ಲ ಅಲ್ಲಿಗೆ ಬಂದು ನಿಲ್ಲುತ್ತದೆ. ಅಂಥ ಚುಕ್ಕಿಗೆ ದೊಡ್ಡ ಗಾತ್ರಕ್ಕಿಂತ ಬೇರೊಂದು ಆಕಾರ ಒಪ್ಪುತ್ತದೆ. ಯಾವ ಪ್ರಶ್ನೆಗೆ ಉತ್ತರ ಬೇಕೋ ಅದಕ್ಕೆ ತಕ್ಕ ವೇಷ ಎಂಬುದೇ ಸೂತ್ರ.

ವಿದ್ಯಾರ್ಥಿಗಳಿಗೆ

ಎಲೆಕ್ಟ್ರಾನಿಕ್ ಸಿಟಿಯ ಬಯೋಟೆಕ್ ಪಾರ್ಕಿನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಅಂಡ್ ಅಪ್ಲೈಡ್ ಬಯೋಟೆಕ್ನಾಲಜಿ ಸಂಸ್ಥೆಯಂಥ ಕಡೆಗಳಲ್ಲಿ ಜೀವವಿಜ್ಞಾನವನ್ನೂ ಗಣಕಶಾಸ್ತ್ರವನ್ನೂ ಕೂಡಿಸಿ ಕಲಿಸುತ್ತಾರೆ. ಆದರೆ ಜಾಲಚಿತ್ರದ ಮೊದಲ ಪಾಠಕ್ಕೆ ಅಲ್ಲಿಯವರೆಗೆ ಕಾಯಬೇಕಾದುದಿಲ್ಲ. ನಿಮ್ಮ ತರಗತಿಯಲ್ಲಿ ಯಾರು ಯಾರಿಂದ ಪುಸ್ತಕ ಎರವಲು ಪಡೆಯುತ್ತಾರೆ, ನಿಮ್ಮ ಊರಿನ ಬಸ್ಸುಗಳು ಯಾವ ಯಾವ ಊರನ್ನು ಕೂಡಿಸುತ್ತವೆ ಎಂಬುದನ್ನು ಎರಡು ಕಂಬಸಾಲುಗಳ ಪಟ್ಟಿಯಾಗಿ ಬರೆದು ಸೈಟೋಸ್ಕೇಪಿಗೆ ಕೊಡಿ. ಹತ್ತು ಚುಕ್ಕಿಗಳು ಸಾಕು. ಮೊದಲು ಸಮವಸ್ತ್ರ ತೊಡಿಸಿ, ತರುವಾಯ ಮಾಹಿತಿಗೆ ಹೊಂದುವ ಬಣ್ಣ ಕೊಡಿ, ಕಡೆಗೆ ಒಂದೇ ಒಂದು ಚುಕ್ಕಿಗೆ ಬೀಗದ ಬಣ್ಣ ಹಾಕಿ ನೋಡಿ. ಯಾವ ಬಣ್ಣಕ್ಕೆ ಯಾವ ಅರ್ಥ ಎಂಬ ವಿವರಣೆಯನ್ನು ಚಿತ್ರದ ಮೂಲೆಯಲ್ಲಿ ಬರೆಯಿರಿ; ಬೀಗ ಹಾಕಿದ ಚುಕ್ಕಿಯಿದ್ದರೆ, ಅದು ನಾವು ಕೈಯಾರೆ ಹಚ್ಚಿದ್ದು ಎಂಬ ಮಾತನ್ನೂ ಅದರೊಡನೆ ಸೇರಿಸಿರಿ. ಆಮೇಲೆ ಆ ಚಿತ್ರವನ್ನು ವಿಷಯ ತಿಳಿಯದ ಗೆಳೆಯನೊಬ್ಬನಿಗೆ ತೋರಿಸಿ, ಇದರಲ್ಲಿ ನಿನಗೇನು ಕಾಣುತ್ತದೆ ಎಂದು ಕೇಳಿರಿ. ಕೋಷ್ಟಕದಲ್ಲಿ ಇರುವುದನ್ನೇ ಅವನು ಹೇಳಿದರೆ ನೀವು ತೊಡಿಸಿದ ವೇಷ ಸರಿಯಾಗಿದೆ. ಕೋಷ್ಟಕದಲ್ಲಿ ಇಲ್ಲದ್ದನ್ನು ಹೇಳಿದರೆ ಯಾವ ಬಣ್ಣ ಅವನನ್ನು ಅತ್ತ ಎಳೆಯಿತೆಂದು ಹುಡುಕಿ ತಿದ್ದಿರಿ.